ನೂರನೆಯ ಬೆಕ್ಕು

ಸುಗ್ಗಿ ಮುಗಿದಿತ್ತು, ಚಳಿ ಇನ್ನೂ ಪೂರ್ತಿ ಕಾಲು ಕಿತ್ತಿರಲಿಲ್ಲ. ಬೀಜದ ಉಗ್ರಾಣದ ಅಂಗಳದಲ್ಲಿ ಗೋಧಿ ಮೂಟೆಗಳು ಬಾಯಿ ಬಿಚ್ಚಿಕೊಂಡು ಎಳೆಬಿಸಿಲಿಗೆ ಕೂತಿದ್ದವು. ಒಳಗೆ ದೊಡ್ಡ ಕಿಟಕಿಯ ಕೆಳಗಿನ ಉದ್ದ ಮೇಜಿನ ಮುಂದೆ ಐದಾರು ಜನ ಸಾಲಾಗಿ ಕೂತು ಬೀಜ ಆರಿಸುತ್ತಿದ್ದರು. ಒಂದು ಹಿಡಿ ತಟ್ಟೆಗೆ ಸುರಿಯುವುದು, ಬೆರಳಿನಿಂದ ತೆಳ್ಳಗೆ ಹರಡುವುದು, ಒಡೆದದ್ದನ್ನು ಎಡಕ್ಕೂ ಕಳೆಯ ಬೀಜವನ್ನು ಬಲಕ್ಕೂ ಎಳೆದು ಉಳಿದದ್ದನ್ನು ಚೀಲಕ್ಕೆ ಸರಿಸುವುದು, ಮತ್ತೆ ಒಂದು ಹಿಡಿ. ಎಲ್ಲವೂ ಮುಂದಿನ ಬಿತ್ತನೆಗೆ ಹೋಗುವ ಬೀಜ. ಇಲ್ಲಿ ಕಣ್ಣು ತಪ್ಪಿದರೆ ಅಲ್ಲಿ ಹೊಲ ಕೆಡುತ್ತದೆ ಎಂದು ಹಳಬರು ಹೇಳುತ್ತಿದ್ದರು.

ಆ ಮೇಜಿನಲ್ಲಿ ಬೆಳಕು ಮೊದಲು ಬೀಳುವ ಕುರ್ಚಿ ಸೂಕ್ಷ್ಮಪ್ಪನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಒಂದು ಇಡೀ ಮೂಟೆಯಲ್ಲಿ ಅಡಗಿದ್ದ ಒಂದೇ ಒಂದು ಕಳೆಬೀಜವನ್ನು ಹೆಕ್ಕಿ ಎತ್ತಿ ಹಿಡಿದಾಗ ಯಾರೋ ತಮಾಷೆಗೆ ‘ಸೂಕ್ಷ್ಮಪ್ಪ’ ಅಂದರು. ಅದು ತಮಾಷೆ ಎಂಬುದು ಅವನಿಗೆ ಅಂದೂ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ. ಬಿರುದು ಬಂತೆಂದುಕೊಂಡು ಆ ಕುರ್ಚಿಯಲ್ಲಿ ಕೂತವನು, ತಲೆ ಅರ್ಧ ನರೆತರೂ ಬಿಟ್ಟು ಎದ್ದಿರಲಿಲ್ಲ.

ಅಂಥ ಕುರ್ಚಿಯ ಹತ್ತಿರ ಉಗ್ರಾಣದ ಮೇಡಂ ಆ ದಿನ ಒಂದು ಬೊಗಸೆ ಗೋಧಿ ಹಿಡಿದು ಬಂದರು. ಸೂಕ್ಷ್ಮಪ್ಪ ಆರಿಸಿ ಮುಗಿಸಿದ ಚೀಲದಿಂದ ತೆಗೆದ ಗೋಧಿ ಅದು. ಅದರಲ್ಲಿ ಕಳೆಬೀಜಗಳು ನೆಂಟರ ಮನೆಗೆ ಬಂದಂತೆ ಆರಾಮವಾಗಿ ಮಲಗಿದ್ದವು.

“ಸೂಕ್ಷ್ಮಪ್ಪನವರೇ, ಇದೇನಿದು?”

ಸೂಕ್ಷ್ಮಪ್ಪ ಆ ಬೊಗಸೆಯ ಕಡೆ ಕತ್ತು ಹಿಂದಕ್ಕೆಳೆದುಕೊಂಡು ನೋಡಿದ. “ಗೋಧಿ, ಮೇಡಂ.”

ಮೇಡಂ ಬೊಗಸೆಯ ಗೋಧಿಯನ್ನು ಅವನ ತಟ್ಟೆಗೇ ಸುರಿದರು. ಆಮೇಲೆ ಮೇಜಿನವರಿಗೆಲ್ಲ ಕೇಳುವಂತೆ, “ಬಿತ್ತನೆಗೆ ಮುಂಚೆ ಎಲ್ಲರೂ ಕಣ್ಣು ತೋರಿಸ್ಕೊಂಡು ಬನ್ನಿ. ಕಾಣದವರಿಗೆ ಮೂಟೆ ಹೊಲಿಯೋ ಕಡೆ ಕೆಲಸ ಕೊಡ್ತೀನಿ” ಅಂದು ಹೋದರು. ಅಂದದ್ದು ಎಲ್ಲರಿಗೆ, ನೋಡಿದ್ದು ಒಬ್ಬನನ್ನೇ.

ಮೂಟೆ ಹೊಲಿಯುವ ಜಾಗ ಉಗ್ರಾಣದ ಹಿಂಬದಿಯ ಕತ್ತಲೆ ಮೂಲೆ. ಅಲ್ಲಿಗೆ ಹೋದವರು ಕಿಟಕಿಗೆ ವಾಪಸು ಬಂದ ಉದಾಹರಣೆ ಇರಲಿಲ್ಲ.

“ಅದಕ್ಕೇ ಹೇಳೋದು, ಒಂದು ಕನ್ನಡಕ ಹಾಕ್ಕೊಳ್ಳಿ ಅಂತ” ಎಂದಳು ಹೆಂಡತಿ, ಸಂಜೆ ಸುದ್ದಿ ಕೇಳಿ.

“ಸೂಕ್ಷ್ಮಪ್ಪನಿಗೆ ಕನ್ನಡಕ! ಮೀನಿಗೆ ಈಜು ಕಲಿಸ್ತೀಯಾ? ನನ್ನ ಕಣ್ಣಿಗೆ ಏನಾಗಿದೆಯೇ?”

“ಕಣ್ಣಿಗೇನೂ ಆಗಿಲ್ಲ ಬಿಡಿ. ತೋಳು ಗಿಡ್ಡ ಆಗಿದೆ ಅಷ್ಟೆ. ಪೇಪರ್ ಹಿಡಿಯೋಕೆ ಸಾಲ್ತಾ ಇಲ್ಲ.”

ಅವನು ಮೊಬೈಲು ತೆಗೆದ. ಅದರಲ್ಲೊಂದು ಆಟವಿತ್ತು. ಹೆಂಡತಿಯ ತಂಗಿ ಊರಿಗೆ ಬಂದಿದ್ದಾಗ ಹಾಕಿಕೊಟ್ಟು ಹೋದದ್ದು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯಲ್ಲಿ ಬರೆದ ಒಂದು ಊರು. ಮನೆಗಳು, ಮಾಡುಗಳು, ನೀರಿನ ಟ್ಯಾಂಕು, ಬಟ್ಟೆ ಒಣಹಾಕಿದ ಹಗ್ಗ, ಹಿಂದೆ ಒಂದು ಬೋಳು ಗುಡ್ಡ. ಆ ಊರಿನಲ್ಲಿ ನೂರು ಬೆಕ್ಕು ಬಚ್ಚಿಟ್ಟುಕೊಂಡಿವೆ. ಹುಡುಕಿ ಮುಟ್ಟಿದರೆ ಬೆಕ್ಕು ಹಳದಿಯಾಗುತ್ತದೆ.

“ಇದನ್ನ ನೋಡು. ನೂರು ಬೆಕ್ಕೂ ಹುಡುಕಿ ತೋರಿಸ್ತೀನಿ. ಆಮೇಲೆ ಹೇಳು, ಕಣ್ಣು ಹೇಗಿದೆ ಅಂತ.”

ಹೆಂಡತಿ ಕೈಯೊರೆಸಿಕೊಂಡು ಬಂದು ಎದುರಿಗೆ ಕೂತಳು. “ಆಯ್ತು. ನೂರನ್ನೂ ನೀವೊಬ್ರೇ ಹುಡುಕಿದ್ರೆ, ನಾನು ಬದುಕಿರೋವರೆಗೂ ಕನ್ನಡಕದ ಸುದ್ದಿ ಎತ್ತಲ್ಲ. ಒಂದು ಬಾಕಿ ಉಳಿದ್ರೂ ಬಾಯಿ ಮುಚ್ಕೊಂಡು ಕಣ್ಣಿನ ಡಾಕ್ಟರ ಹತ್ರ ಬರ್ಬೇಕು. ಒಪ್ಪಿಗೆನಾ?”

“ಒಪ್ಪಿಗೆ. ಬರೆದಿಟ್ಕೋ ಬೇಕಾದ್ರೆ.”

ಬೆಕ್ಕುಗಳು ಒಂದೊಂದಾಗಿ ಹಳದಿಯಾದವು. ಅವನು ಬೆರಳೆರಡನ್ನು ಅಗಲಿಸಿ ಚಿತ್ರವನ್ನು ದೊಡ್ಡದು ಮಾಡುವನು. ಒಂದು ಹೊಗೆಗೂಡೇ ಪರದೆ ತುಂಬುವಷ್ಟು ದೊಡ್ಡದು ಮಾಡುವನು. ಆಮೇಲೆ ಹೆಬ್ಬೆರಳಿನಿಂದ ಒಕ್ಕಣೆ ಶುರು. ಹೆಂಗಸರ ತುರುಬು ಮುಟ್ಟಿದ, ಮಡಕೆ ಮುಟ್ಟಿದ, ಮುದುಕನೊಬ್ಬನ ಗಡ್ಡವನ್ನು ಐದಾರು ಸಲ ಮುಟ್ಟಿದ. ಎಷ್ಟು ಬೆಕ್ಕು ಕಣ್ಣಿಗೆ ಸಿಕ್ಕಿದವು, ಎಷ್ಟು ಹೆಬ್ಬೆರಳಿಗೆ ಸಿಕ್ಕಿದವು ಎಂಬುದು ಆ ಬೆಕ್ಕುಗಳಿಗೇ ಗೊತ್ತು. ವಾರ ತುಂಬುವಷ್ಟರಲ್ಲಿ ತೊಂಬತ್ತೊಂಬತ್ತು ಆದವು. ನೂರನೆಯದು ಮಾತ್ರ ಭೂಮಿ ಬಾಯಿಬಿಟ್ಟು ನುಂಗಿದಂತೆ ಮಾಯ.

ಬೀಜದ ಕೆಲಸದವರಲ್ಲಿ ಒಂದು ಹಳೆಯ ನಿಯಮವಿದೆ: ತಟ್ಟೆಯಲ್ಲಿ ಅನುಮಾನ ಬಂದರೆ ಹೊಲಕ್ಕೆ ಹೋಗಿ ನೋಡು. ಯಾವ ಗಿಡದ ಬೀಜವೆಂದು ತಟ್ಟೆಯಲ್ಲಿ ತಿಳಿಯದಿದ್ದರೆ, ಅದು ಬಂದ ಹೊಲದಲ್ಲಿ ಆ ಗಿಡ ನಿಂತೇ ಇರುತ್ತದೆ. ಸೂಕ್ಷ್ಮಪ್ಪ ಆ ನಿಯಮ ಹಿಡಿದ. ಚಿತ್ರದ ಊರಿನ ಮಾಡುಗಳು ತನ್ನ ಬೀದಿಯ ಮಾಡುಗಳ ಹಾಗೇ ಇವೆ. ಟ್ಯಾಂಕೂ ಇದೆ, ಬಟ್ಟೆಯ ಹಗ್ಗವೂ ಇದೆ. ನಿಜವಾದ ಬೀದಿಯಲ್ಲಿ ಬೆಕ್ಕು ಅಡಗುವ ಜಾಗ ಯಾವುದೆಂದು ಕಂಡುಕೊಂಡರೆ, ಚಿತ್ರದಲ್ಲಿ ಅದೇ ಜಾಗಕ್ಕೆ ಬೆರಳಿಟ್ಟರಾಯಿತು. ಇಷ್ಟು ಸರಳವಾದ ಉಪಾಯ ಬೇರೆ ಯಾರ ತಲೆಗೂ ಹೊಳೆಯುವಂತಿರಲಿಲ್ಲ.

ರಜೆಯ ದಿನ ಬೆಳಿಗ್ಗೆಯೇ ಅವನು ಬೀದಿಗಿಳಿದ. ಮೊದಲು ದರ್ಜಿಯ ಅಂಗಡಿ. ಎದುರಿಗೆ ನಿಂತು, ತೋಳು ಚಾಚಿ ಮೊಬೈಲು ಹಿಡಿದು, ಒಮ್ಮೆ ಮಾಡು ನೋಡಿದ, ಒಮ್ಮೆ ಮೊಬೈಲು ನೋಡಿದ. ಬೆರಳು ಅಗಲಿಸಿದ. “ಹೂಂ” ಅಂದ.

ಆ ವರ್ಷ ಪಟ್ಟಣದ ಕಚೇರಿಯವರು ಮನೆಗಳನ್ನೆಲ್ಲ ಹೊಸದಾಗಿ ಅಳೆದು ಮನೆಕಂದಾಯ ಏರಿಸುತ್ತಾರೆ ಎಂಬ ಮಾತು ಬೀದಿಯಲ್ಲಿ ಓಡಾಡುತ್ತಿತ್ತು. ಯಾರನ್ನೋ ಗುಟ್ಟಾಗಿ ಕಳಿಸುತ್ತಾರಂತೆ ಎಂಬುದು ಅದಕ್ಕೆ ಹುಟ್ಟಿದ ಬಾಲ. ದರ್ಜಿ ಹೋದ ವರ್ಷವಷ್ಟೇ ಅಂಗಡಿಯ ಹಿಂದೆ, ಯಾರಿಗೂ ಹೇಳದೆ, ಒಂದು ಕೋಣೆ ಕಟ್ಟಿಸಿದ್ದ. ಅವನ ಕಾಲು ಹೊಲಿಗೆ ಯಂತ್ರದ ಮೇಲೆ ನಿಂತಲ್ಲೇ ನಿಂತಿತು.

“ಏನು ಸೂಕ್ಷ್ಮಪ್ಪ, ಬೆಳ್ಬೆಳಿಗ್ಗೆ?”

“ನಿನ್ನ ಹಿತ್ತಲು ಒಂದ್ಸಲ ನೋಡ್ಬೇಕಲ್ಲ.”

“ಹಿ... ಹಿತ್ತಲಾ? ಅಲ್ಲೇನೂ ಇಲ್ವಲ್ಲ!”

“ಏನೂ ಇಲ್ಲ ಅನ್ನೋ ಕಡೇನೇ ಇರೋದು. ನನ್ನ ಅನುಭವ ಅದು.”

ದರ್ಜಿಯ ಮಾತು ಬಹುವಚನಕ್ಕೆ ತಿರುಗಿತು. “ಇಲ್ಲೀವರೆಗೂ ಎಷ್ಟು ನೋಡಿದ್ದೀರಿ ತಾವು?”

“ಒಟ್ಟು ನೂರು. ತೊಂಬತ್ತೊಂಬತ್ತು ಸಿಕ್ಕಿದೆ. ಒಂದೇ ಬಾಕಿ.”

ಆ ಬೀದಿಯಲ್ಲಿ ಮನೆಗಳೂ ಹೆಚ್ಚುಕಡಿಮೆ ನೂರೇ ಇದ್ದವು.

“ಆ ಒಂದು... ಯಾರದ್ದು ಅಂತ ಗೊತ್ತಾಯ್ತಾ?”

“ಗೊತ್ತಾಗುತ್ತೆ, ಗೊತ್ತಾಗುತ್ತೆ. ಚೆನ್ನಾಗಿ ಬಚ್ಚಿಟ್ಟಿದ್ದಾರೆ, ಆದರೆ ಸೂಕ್ಷ್ಮಪ್ಪನ ಹತ್ರ ಆಟ ನಡೆಯಲ್ಲ.”

“ಸಿಕ್ಕಿದ್ರೆ ಏನಾಗುತ್ತೆ ಸ್ವಾಮೀ?”

“ಇನ್ನೇನು? ಹಳದಿ ಆಗುತ್ತೆ.”

ಅಷ್ಟರಲ್ಲಾಗಲೇ ದರ್ಜಿಯ ಮುಖ ಹಳದಿಯಾಗಿತ್ತು. ಅವನು ಓಡಿ ಬಂದು ಸೂಕ್ಷ್ಮಪ್ಪನ ಅಂಗಿಯ ಕಾಲರ್ ಹಿಡಿದು, “ಅಯ್ಯೋ, ಇದು ಹರಿದಿದೆಯಲ್ಲ! ಇಂಥಾ ಕೆಲಸದವರು ಹೀಗೆ ಓಡಾಡಬಾರದು, ಬಿಚ್ಚಿ ಕೊಡಿ” ಎಂದು, ಅಲ್ಲೇ ಕೂರಿಸಿ, ಚಹಾ ತರಿಸಿ, ಹೊಸ ಕಾಲರನ್ನೇ ಹೊಲಿದು ಕೊಟ್ಟ. ಹಿತ್ತಲಿನ ಮಾತು ಚಹಾದಲ್ಲಿ ಕರಗಿಹೋಯಿತು.

ಮಧ್ಯಾಹ್ನದೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಗುಟ್ಟಿನ ಆಸಾಮಿ ಬೇರೆ ಯಾರೂ ಅಲ್ಲ, ನಮ್ಮ ಸೂಕ್ಷ್ಮಪ್ಪನೇ. ತೊಂಬತ್ತೊಂಬತ್ತು ಮನೆ ಮುಗಿಸಿದ್ದಾನೆ. ಸಿಕ್ಕಿಬಿದ್ದ ಮನೆಗೆ ಹಳದಿ ಬಣ್ಣ ಬಳಿಯುತ್ತಾರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಾದರೆ ಗುರುತಿಸಬಹುದು. ಇಲ್ಲಿ ಬೀದಿಗೆ ಬೀದಿಯೇ ಹೆಗಲು ಮುಟ್ಟಿಕೊಂಡಿತು. ಒಬ್ಬರು ತಗಡಿನ ಮಾಡು ಇಳಿಸಿದರು. ಇನ್ನೊಬ್ಬರು ಅಟ್ಟದ ಏಣಿಯ ಮುಂದೆ ಬೀರು ತಂದು ನಿಲ್ಲಿಸಿದರು. ಅಟ್ಟದಲ್ಲಿ ಮಲಗಿದ್ದ ಮಾವ ಮೇಲೆಯೇ ಉಳಿದದ್ದು ರಾತ್ರಿ ಊಟದ ಹೊತ್ತಿಗೆ ಗೊತ್ತಾಯಿತು. ದರ್ಜಿಯಂತೂ ಕೋಣೆಯ ಒಂದು ಗೋಡೆಯನ್ನೇ ಕೆಡವಿ, ಇದು ಹಳೇ ಪಾಳುಗೋಡೆ ಎಂದು ಹೇಳಲು ಮನಸ್ಸಿನಲ್ಲೇ ಅಭ್ಯಾಸ ಮಾಡಿದ.

ಬೀದಿಯ ಕೊನೆಯಲ್ಲಿ ಕೋಳಿಯಜ್ಜಿಯ ಮನೆ. ಅಜ್ಜಿ ಇಟ್ಟಿಗೆಯ ಕೋಳಿಗೂಡಿನ ಮೇಲೆ ಎರಡು ರಜಾಯಿ ಹೊದಿಸಿ, ಅದರ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಸೂಕ್ಷ್ಮಪ್ಪ ಒಳಗೆ ಬಂದ.

“ಅಜ್ಜಿ, ಸ್ವಲ್ಪ ಏಳ್ತೀಯಾ? ಕೆಳಗೆ ನೋಡ್ಬೇಕು.”

“ಮಂಡಿ ನೋವು ಕಣಪ್ಪಾ. ಎದ್ರೆ ಕೂರೋಕಾಗಲ್ಲ, ಕೂತ್ರೆ ಏಳೋಕಾಗಲ್ಲ.”

ರಜಾಯಿಯ ಕೆಳಗಿನಿಂದ ‘ಕೊಕ್ಕೊ’ ಎಂದು ಸದ್ದು ಬಂತು.

“ಏನೋ ಕೂಗ್ತಲ್ಲ ಅಜ್ಜಿ?”

“ನನ್ನ ಹೊಟ್ಟೆ ಕಣಪ್ಪಾ. ಬೆಳಿಗ್ಗೆಯಿಂದ ಹೀಗೇ ಕೂಗ್ತಾ ಇದೆ.”

“ಡಾಕ್ಟರಿಗೆ ತೋರಿಸು ಅಜ್ಜಿ. ಆಮೇಲೆ, ಬೆಕ್ಕುಗಿಕ್ಕು ಇದೆಯಾ ಇಲ್ಲಿ?”

“ಬೆಕ್ಕೂ ಇಲ್ಲ, ಕೋಳಿಯೂ ಇಲ್ಲ, ಏನೂ ಇಲ್ಲ. ಬಡವಿ ನಾನು. ತಗೋ, ಈ ಮೊಟ್ಟೆ ತಗೊಂಡ್ಹೋಗು” ಎಂದು ಅಜ್ಜಿ ಮಡಿಲಿನಿಂದ ಬಿಸಿಬಿಸಿ ಮೊಟ್ಟೆ ತೆಗೆದು ಅವನ ಟವಲಿಗೆ ಹಾಕಿದಳು. ಕೋಳಿಯಿಲ್ಲದ ಮನೆಯ ಮೊಟ್ಟೆ ಎಲ್ಲಿಂದ ಬಂತು ಎಂದು ಸೂಕ್ಷ್ಮಪ್ಪ ಕೇಳಲಿಲ್ಲ. ಅವನ ಗಮನವೆಲ್ಲ ಬೆಕ್ಕಿನ ಮೇಲಿತ್ತು.

ಹೊಸ ಕಾಲರು, ಮೊಟ್ಟೆ, ಇನ್ಯಾರೋ ಹೆದರಿ ಕೊಟ್ಟ ಒಂದು ಬಾಟಲಿ ಜೇನುತುಪ್ಪ ಹೊತ್ತು ಅವನು ಮನೆಗೆ ಬಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬೆಕ್ಕು ಹುಡುಕೋರಿಗೆ ಯಾರ್ರೀ ಮೊಟ್ಟೆ ಕೊಡ್ತಾರೆ?”

“ಪ್ರತಿಭೆಗೆ ಬೆಲೆ ಇದೆ ಕಣೇ. ತೊಂಬತ್ತೊಂಬತ್ತು ಅಂದ ತಕ್ಷಣ ಜನ ಎದ್ದು ನಿಲ್ತಾರೆ. ನಿನಗೊಬ್ಬಳಿಗೇ ನನ್ನ ಬೆಲೆ ಗೊತ್ತಿಲ್ಲ.”

ಸಂಜೆ ನಿವೃತ್ತ ಮೇಷ್ಟ್ರು ಬಂದರು. ಅವರ ಮನೆಯ ಮಹಡಿಯಲ್ಲಿ ಒಬ್ಬ ಬಾಡಿಗೆದಾರನಿದ್ದ. ಕಂದಾಯದ ಲೆಕ್ಕಕ್ಕೆ ಸೇರದವನು. ಅವನಿಗೆ ಮೂರು ಹೊತ್ತೂ ಕೆಮ್ಮಬಾರದೆಂದು ಅಪ್ಪಣೆಯಾಗಿತ್ತು. ಆದರೆ ಮೇಷ್ಟ್ರ ಸಂಕಟ ಅದಲ್ಲ. ಇಡೀ ಬೀದಿಗೆ ಅಕ್ಷರ ಕಲಿಸಿದ ತಾವಿರುವಾಗ, ಗೋಧಿ ಕೆದಕುವವನಿಗೆ ಈ ಅಧಿಕಾರ ಕೊಟ್ಟವರು ಯಾರು?

“ನಿನ್ನನ್ನ ಈ ಕೆಲಸಕ್ಕೆ ಹಚ್ಚಿದ್ದು ಯಾರಪ್ಪಾ?” ಎಂದು ಬಾಗಿಲಲ್ಲೇ ಕೇಳಿದರು.

“ನಮ್ಮನೆಯವಳು, ಮೇಷ್ಟ್ರೇ.”

“ತಮಾಷೆ ಬೇಡ. ಏನು ಸಿಗುತ್ತೆ ನಿನಗೆ?”

“ಮುಗಿಸಿದ್ರೆ ನೆಮ್ಮದಿ. ಮುಗಿಸದಿದ್ರೆ ಕುರ್ಚಿಗೇ ಸಂಚಕಾರ.”

ಕುರ್ಚಿ ಎಂಬ ಮಾತು ಕೇಳಿ ಮೇಷ್ಟ್ರಿಗೆ ಖಾತ್ರಿಯಾಯಿತು. ಹೆಂಡತಿಯ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದಾನೆ. ಪಕ್ಕಾ ಪಳಗಿದ ಆಸಾಮಿ. ಅವರು ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೇರ ಪಟ್ಟಣದ ಕಚೇರಿಗೆ ಹೋದರು. ನಿಮ್ಮ ಗುಟ್ಟಿನ ಮನುಷ್ಯ ಮನೆಮನೆಗೆ ನುಗ್ಗಿ ಮೊಟ್ಟೆ ವಸೂಲಿ ಮಾಡುತ್ತಿದ್ದಾನೆ, ಓದು ಬರಹ ಬಲ್ಲವರು ಬೀದಿಯಲ್ಲಿ ಸತ್ತುಹೋಗಿದ್ದರೇ ಎಂದು ಕೇಳಿದರು.

ಕಚೇರಿಯವರಿಗೆ ತಮ್ಮ ಮನುಷ್ಯ ಯಾರೂ ಇಲ್ಲವೆಂದು ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಆ ಬೀದಿಯಲ್ಲಿ ಬಚ್ಚಿಡುವಂಥದ್ದು ಅಷ್ಟೊಂದು ಇದೆ ಎಂಬುದು. ಕಂದಾಯದ ಸಾಹೇಬರು ಅಂದೇ ಸಂಜೆ, ಕೈಯಲ್ಲಿ ಅಳತೆಪಟ್ಟಿ ಹಿಡಿದ ಗುಮಾಸ್ತನೊಬ್ಬನನ್ನು ಕರೆದುಕೊಂಡು ಬಂದು ದರ್ಜಿಯ ಅಂಗಡಿ ಮುಂದೆ ನಿಂತರು. ಬೀದಿ ನೆರೆಯಿತು. ಉಗ್ರಾಣದಿಂದ ಮನೆಗೆ ಬರುತ್ತಿದ್ದ ಸೂಕ್ಷ್ಮಪ್ಪನನ್ನು ದಾರಿಯಲ್ಲೇ ಕರೆತಂದು ನಡುವೆ ನಿಲ್ಲಿಸಿದರು. ಅವನ ಹೆಂಡತಿಯೂ ಸುದ್ದಿ ತಿಳಿದು ಬಂದು ಹೆಂಗಸರ ಸಾಲಿನಲ್ಲಿ ನಿಂತಳು.

“ನೋಡ್ರಪ್ಪಾ” ಎಂದರು ಸಾಹೇಬರು, “ನಾವು ಈ ಬೀದಿಗೆ ಯಾರನ್ನೂ ಕಳಿಸಿಲ್ಲ. ಈ ಮನುಷ್ಯ ಯಾರೋ ನಮಗೆ ಗೊತ್ತೇ ಇಲ್ಲ.”

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

“ಹಾಗಾದ್ರೆ ನನ್ನ ಗೋಡೆ?” ದರ್ಜಿ ಕಿರುಚಿದ. “ಇವನಿಗೆ ಹೆದರಿ ಹೊಸಾ ಕೋಣೆ ಗೋಡೆ ಕೆಡವಿದ್ನಲ್ಲ ಸ್ವಾಮೀ!”

“ಹೊಸ ಕೋಣೆಯಾ? ಎಷ್ಟು ಉದ್ದ, ಎಷ್ಟು ಅಗಲ?” ಎಂದು ಸಾಹೇಬರು ಮೃದುವಾಗಿ ಕೇಳಿ ಗುಮಾಸ್ತನ ಕಡೆ ಕಣ್ಣು ಹಾಯಿಸಿದರು. ಅವನು ಬರೆದುಕೊಂಡ.

“ನಮ್ಮ ಮಾವ ಅಟ್ಟದಲ್ಲಿ ಎರಡು ಹೊತ್ತು ಉಪವಾಸ ಬಿದ್ರು!”

“ಅಟ್ಟ” ಎಂದು ಗುಮಾಸ್ತ ಬರೆದುಕೊಂಡ.

“ಮಹಡಿಯವನು ಕೆಮ್ಮು ತಡೆದು ತಡೆದು ಜ್ವರ ಬಂದು ಮಲಗಿದ್ದಾನೆ!” ಎಂದು ಸಿಟ್ಟಿನ ಭರದಲ್ಲಿ ಕೂಗಿದ ಮೇಷ್ಟ್ರು, ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಗುಮಾಸ್ತನ ಲೇಖನಿ ಅಷ್ಟರಲ್ಲಿ ಮಹಡಿ ದಾಟಿತ್ತು.

“ನನ್ನ ಕೋಳಿಗೂಡು?” ಕೋಳಿಯಜ್ಜಿ ಮುಂದೆ ಬಂದಳು.

“ಕೋಳಿಗೂಡಿಗೆ ಕಂದಾಯ ಇಲ್ಲ ಅಜ್ಜಿ.”

ಅಜ್ಜಿ ಸೂಕ್ಷ್ಮಪ್ಪನ ಕಡೆ ತಿರುಗಿದಳು. “ಹಾಗಾದ್ರೆ ತೆಗೀಯೋ ನನ್ನ ಮೊಟ್ಟೆ!”

ಅಳತೆಪಟ್ಟಿ ಬಿಚ್ಚದೆಯೇ ಅರ್ಧ ಬೀದಿ ಅಳೆದು ಮುಗಿಸಿದ ಸಾಹೇಬರಿಗೆ ಸೂಕ್ಷ್ಮಪ್ಪನ ಮೇಲೆ ಸಣ್ಣ ಪ್ರೀತಿಯೇ ಹುಟ್ಟಿದಂತಿತ್ತು. ಆದರೂ ಅಧಿಕಾರ ಅಧಿಕಾರವೇ. “ಕಚೇರಿ ಹೆಸರು ಹೇಳ್ಕೊಂಡು ಓಡಾಡೋದು ಅಪರಾಧ, ಗೊತ್ತಾ? ಏನು ಮಾಡ್ತಿದ್ದೆ ಇಲ್ಲಿ?”

“ಬೆಕ್ಕು ಹುಡುಕ್ತಿದ್ದೆ ಸಾರ್” ಅಂದ ಸೂಕ್ಷ್ಮಪ್ಪ, ಎದೆ ಸೆಟೆಸಿ.

“ಯಾವ ಬೆಕ್ಕು?”

“ನೂರನೇದು.”

ಜನ ಹೋ ಎಂದರು. ಸಾಹೇಬರು ಅವನ ಮೊಬೈಲು ಇಸಿದುಕೊಂಡರು. ದರ್ಜಿ ತಾನೇ ಹೊಲಿದ ಕಾಲರನ್ನು ಗಟ್ಟಿಯಾಗಿ ಹಿಡಿದು, ಓಡಿಹೋಗದಂತೆ ಸೂಕ್ಷ್ಮಪ್ಪನನ್ನು ಬೀದಿಯ ಆಚೆ ಬದಿಯ ಕಂಬದವರೆಗೆ ಎಳೆದೊಯ್ದು ನಿಲ್ಲಿಸಿದ. ಸಾಹೇಬರ ಕೈಯಲ್ಲಿದ್ದ ಪರದೆ ತುಂಬ ಯಾರದೋ ಮನೆಯ ಒಂದು ಹೆಂಚು ಮಾತ್ರ ಇತ್ತು. ಅವರು ಬೆರಳು ಕೂಡಿಸಿ ಚಿತ್ರವನ್ನು ಚಿಕ್ಕದು ಮಾಡಿದರು, ಮಾಡಿದರು. ಇಡೀ ಊರು ಪರದೆಯೊಳಕ್ಕೆ ಬಂತು. ಅದನ್ನು ತಲೆಯ ಮೇಲೆತ್ತಿ ಹಿಡಿದು, “ನೋಡಿ, ಇದು ನಿಮ್ಮ ಬೀದಿ ಏನ್ರೀ? ಇದರಲ್ಲಿ ಯಾರ ಮನೆ ಇದೆ?” ಎಂದು ಕೇಳಿದರು.

ಬೀದಿಯ ಆಚೆ ಬದಿಯಿಂದ ಸೂಕ್ಷ್ಮಪ್ಪ ನೋಡಿದ. ವಾರದಿಂದ ಅವನು ಆ ಊರಿನ ಹೆಂಚುಗಳನ್ನು ನೋಡಿದ್ದ, ಕಿಟಕಿಯ ಚಿಲಕಗಳನ್ನು ನೋಡಿದ್ದ. ಊರನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಊರು ಕಂಡಿತು, ಊರಿನ ಹಿಂದಿನ ಬೋಳು ಗುಡ್ಡ ಕಂಡಿತು. ಗುಡ್ಡಕ್ಕೆ ಎರಡು ಕಿವಿಗಳಿದ್ದವು. ಗುಡ್ಡ ಬೆನ್ನು ಬಾಗಿಸಿ, ಮೂತಿಯನ್ನು ಮುಂಗಾಲಿಗೆ ಒರಗಿಸಿ, ಬಾಲವನ್ನು ಹಾದಿಯ ಹಾಗೆ ಊರಿನ ಸುತ್ತ ಬಳಸಿಕೊಂಡು ಸುಖವಾಗಿ ಮಲಗಿತ್ತು.

“ಸಿಕ್ತು!”

ಆ ಕೂಗಿಗೆ ದರ್ಜಿಯ ಕೈ ಸಡಿಲವಾಯಿತು. ಸೂಕ್ಷ್ಮಪ್ಪ ಜನರ ನಡುವೆ ನುಗ್ಗಿ, ಸಾಹೇಬರ ಕೈಗೇ ನೆಗೆದು, ಗುಡ್ಡವನ್ನು ಹೆಬ್ಬೆರಳಿನಿಂದ ಒತ್ತಿದ. ಗುಡ್ಡಕ್ಕೆ ಗುಡ್ಡವೇ ಹಳದಿಯಾಯಿತು. ಮೊಬೈಲು ತುತ್ತೂರಿ ಊದಿತು, ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿದವು.

ಬೀದಿಯವರೆಲ್ಲ ಕತ್ತು ಚಾಚಿದರು. “ಅಯ್ಯೋ, ಹೌದಲ್ರೋ! ಕಿವಿ ನೋಡು!” “ಇಷ್ಟು ದೊಡ್ಡದು, ನೋಡು, ಎದುರಿಗೇ!” “ನನಗೂ ಕಾಣ್ಲಿಲ್ಲ ಕಣ್ರೀ” ಎಂದರು ಸಾಹೇಬರೂ, ಅಧಿಕಾರ ಮರೆತು. ಕೋಳಿಯಜ್ಜಿ ಮೊಟ್ಟೆಯ ಮಾತು ಬಿಟ್ಟು ಮೀಸೆ ಎಲ್ಲಿದೆ ಎಂದು ಕೇಳಿದಳು. ಬೀದಿಯಲ್ಲಿ ಅಷ್ಟು ಒಗ್ಗಟ್ಟು ಹಿಂದೆಂದೂ ಕಂಡಿರಲಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು, “ಸರಿ, ಈಗ ಆ ಹೊಸ ಕೋಣೆ ತೋರಿಸಪ್ಪಾ” ಎಂದು ದರ್ಜಿಗೆ ಹೇಳುವವರೆಗೂ ಅದು ಉಳಿಯಿತು.

ಮನೆಗೆ ಬಂದು ಸೂಕ್ಷ್ಮಪ್ಪ ಹೆಂಡತಿಯ ಮುಂದೆ ಮೊಬೈಲು ಹಿಡಿದ. “ನೂರಕ್ಕೆ ನೂರು. ಇಡೀ ಬೀದಿ ಸಾಕ್ಷಿ. ಈಗ ಏನಂತೀಯಾ?”

“ಗೆದ್ರಿ” ಎಂದಳು ಅವಳು. “ನಾನು ಇನ್ನು ಆ ಸುದ್ದಿ ಎತ್ತಲ್ಲ. ಮಾತು ಅಂದ್ರೆ ಮಾತು.” ಅಷ್ಟು ಸಲೀಸಾಗಿ ಸೋತವಳನ್ನು ಅವನು ಹಿಂದೆ ನೋಡಿರಲಿಲ್ಲ.

ಮಾರನೆಯ ದಿನ ಉಗ್ರಾಣದಲ್ಲಿ ಅವನು ಗೆದ್ದವನ ಠೀವಿಯಲ್ಲಿ ತಟ್ಟೆಗೆ ಗೋಧಿ ಸುರಿದ. ಗೋಧಿ ಹೊಗೆಯ ಹಾಗೆ ಹರಡಿತು. ಅವನು ಎದ್ದು ನಿಂತ. ಸ್ವಲ್ಪ ವಾಸಿ. ಕುರ್ಚಿ ಹತ್ತಿ ನಿಂತ. ಈಗ ಒಂದೊಂದು ಕಾಳೂ ನಿಚ್ಚಳ! ಅಗೋ ಕಳೆಬೀಜ! ಕೈ ಚಾಚಿದ, ಎಟುಕಲಿಲ್ಲ. ಇಳಿದು ಕೈಯಿಟ್ಟ, ಕಾಳು ಮತ್ತೆ ಹೊಗೆಯಾಯಿತು. ಮತ್ತೆ ಹತ್ತಿದ. ಕಂಡರೆ ಎಟುಕದು, ಎಟುಕಿದರೆ ಕಾಣದು. ಮೇಜಿನವರು ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದರು.

“ಸೂಕ್ಷ್ಮಪ್ಪನವರೇ” ಎಂದರು ಬಾಗಿಲಲ್ಲಿ ನಿಂತಿದ್ದ ಮೇಡಂ, “ಬೀಜ ಆರಿಸ್ತಿದ್ದೀರೋ, ಮಾಡಿಗೆ ಹೆಂಚು ಹಾಕ್ತಿದ್ದೀರೋ?”

ಅವತ್ತು ಸಂಜೆ ಅವನು ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋದ. ಗೋಡೆಯ ಪಟ್ಟಿಯಲ್ಲಿನ ಅಕ್ಷರಗಳನ್ನು, ತೀರಾ ಕೆಳಗಿನ ಸಾಲಿನವರೆಗೆ, ಪಾಠ ಒಪ್ಪಿಸಿದಂತೆ ಓದಿದ. “ನೋಡಿದ್ರಾ ಡಾಕ್ಟ್ರೇ? ಕಣ್ಣಿಗೆ ಏನೂ ಆಗಿಲ್ಲ. ತೋಳು ಸ್ವಲ್ಪ ಗಿಡ್ಡ ಆಗಿದೆ ಅಷ್ಟೆ.”

“ತೋಳಿಗೂ ಇದೇ ಮದ್ದು” ಎಂದು ಡಾಕ್ಟರು ಅವನ ಮೂಗಿನ ಮೇಲೆ ಕನ್ನಡಕ ಇಟ್ಟರು.

ಅವನು ಅದನ್ನು ತೊಟ್ಟುಕೊಂಡೇ ಬೀದಿಯುದ್ದಕ್ಕೂ ನಡೆದು ಬಂದ. ಕಪ್ಪು ಚೌಕಟ್ಟು; ತನಗೆ ಒಪ್ಪುತ್ತದೆ ಎಂದು ಕನ್ನಡಕದ ಅಂಗಡಿಯ ಕನ್ನಡಿಯಲ್ಲಿ ಎರಡು ಸಲ ಖಾತ್ರಿ ಮಾಡಿಕೊಂಡಿದ್ದ. ಹೆಂಡತಿ ಹೊಸಿಲ ಹತ್ತಿರ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ತಲೆಯೆತ್ತಿದಳು, ನೋಡಿದಳು, ಮತ್ತೆ ಗುಂಡಿಗೆ ಬಗ್ಗಿದಳು.

ಸೂಕ್ಷ್ಮಪ್ಪ ಕೆಮ್ಮಿದ. ಅವಳ ಮುಂದೆ ಆಚೆಯಿಂದ ಈಚೆ ನಡೆದ. ಪೇಪರು ತೆಗೆದು, ತೋಳು ಮಡಿಸಿ, ಮೂಗಿನ ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದ.

“ಚಹಾ ಮಾಡ್ಲಾ?” ಎಂದಳು ಅವಳು.

“ಚಹಾ ಇರ್ಲಿ. ಏನೂ ಹೇಳಲ್ವಾ ನೀನು?”

“ಏನು ಹೇಳ್ಲಿ?”

“ನನ್ನ ಮುಖ ನೋಡಿ ಏನಾದ್ರೂ ಹೇಳೇ!”

“ಮುಖ ಚೆನ್ನಾಗಿದೆ.”

“ಮುಖದ ಮೇಲಿರೋದು?”

“ಅದರ ಸುದ್ದಿ ನಾನು ಎತ್ತೋ ಹಾಗಿಲ್ಲ. ಗೆದ್ದೋರು ನೀವು, ಮಾತು ಕೊಟ್ಟೋಳು ನಾನು.”

“ಆ ಮಾತು ಮನ್ನಾ ಕಣೇ! ಬಿಟ್ಟುಬಿಟ್ಟೆ. ಒಂದೇ ಒಂದ್ಸಲ ಹೇಳು, ಒಪ್ಪುತ್ತೋ ಇಲ್ವೋ ಅಂತ.”

“ಅದೆಲ್ಲ ಆಗಲ್ಲ. ಬದುಕಿರೋವರೆಗೂ ಅಂದಿದ್ದೀನಿ” ಎಂದು ಅವಳು ದಾರ ಹಲ್ಲಿನಿಂದ ಕಡಿದು ಎದ್ದಳು. ಎದ್ದು ಹೋಗುವಾಗ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗೆ ಅದುರಿದ್ದನ್ನು ಸೂಕ್ಷ್ಮಪ್ಪ, ಎಷ್ಟೋ ಕಾಲದ ಮೇಲೆ, ಹತ್ತಿರದಿಂದ ನಿಚ್ಚಳವಾಗಿ ನೋಡಿದ.

ಅವನು ಆಮೇಲೂ ಹಲವು ಸಲ ಕೇಳಿದ. ಮಲಗುವಾಗ ಕೇಳಿದ, ಊಟಕ್ಕೆ ಕೂತಾಗ ಕೇಳಿದ. ಅವಳು ಮಾತ್ರ ದಿನಾ ಬೆಳಿಗ್ಗೆ ಆ ಗಾಜುಗಳನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳೇ ಹೊರತು, ಒಂದು ಅಕ್ಷರ ಆಡಲಿಲ್ಲ. ಕೊಟ್ಟ ಮಾತನ್ನು ಇಷ್ಟು ಕಟ್ಟುನಿಟ್ಟಾಗಿ ಉಳಿಸಿಕೊಂಡವರು ಆ ಬೀದಿಯ ನೂರು ಮನೆಗಳಲ್ಲಿ ಬೇರೆ ಯಾರೂ ಇರಲಿಲ್ಲ.